ದಿನಾ ಭಾರ ಎತ್ತಬೇಕಾ? ಮಾಂಸಖಂಡ ಕೇಳುವ ಬಿಡುವಿನ ಲೆಕ್ಕ

ನಮ್ಮ ಮೇಲಿನ ಮನೆಯ ಅಕ್ಕನಿಗೆ 52 ವರ್ಷ. ವಿಜಯನಗರದ ನಮ್ಮ ಬೀದಿ ಪಾರ್ಕಿನಲ್ಲಿ ವರ್ಷಗಳಿಂದ ದಿನಾ ಬೆಳಿಗ್ಗೆ ನಡೆಯುತ್ತಾರೆ. ಈಚೆಗೆ ಶುಗರ್ ಟೆಸ್ಟ್ ಮಾಡಿಸಿದಾಗ ಡಾಕ್ಟರು, "ವಾಕಿಂಗ್ ಒಂದೇ ಸಾಲದಮ್ಮ, ಸ್ವಲ್ಪ ವೇಟ್ಸ್ ಕೂಡ ಮಾಡಿ" ಅಂದರಂತೆ. ಅಕ್ಕ ಮಗನ ಜೊತೆ ಹತ್ತಿರದ ಜಿಮ್ ಸೇರಿದರು. ಮಗನಿಗೆ 24. ವಾರದ ಏಳೂ ದಿನ ಜಿಮ್‌ಗೆ ಹೋಗುವ ಹುಡುಗ.

ಸೇರಿದ ಮೂರನೇ ದಿನ ಅಕ್ಕ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ನನ್ನನ್ನು ಕಂಡು ನಿಂತರು. "ವಾಕಿಂಗ್ ದಿನಾ ಮಾಡ್ತೀನಿ, ಏನೂ ಆಗಲ್ಲ. ಇದನ್ನೂ ದಿನಾ ಮಾಡ್ಬೇಕು ಅಂತಾನೆ ಇವನು. ಟ್ರೈನರ್ ನೋಡಿದ್ರೆ ಒಂದಿನ ಬಿಟ್ಟು ಒಂದಿನ ಬನ್ನಿ ಅಂತಾರೆ. ಯಾರ ಮಾತು ಕೇಳ್ಲಿ ಹೇಳಪ್ಪ?"

ಇದು ಅಕ್ಕ ಒಬ್ಬರ ಪ್ರಶ್ನೆಯಲ್ಲ. ಬೆಂಗಳೂರಿನಲ್ಲಿ ಈಗ ಭಾರ ಎತ್ತುವವರು ಬರೀ ಹುಡುಗರಲ್ಲ. ಸಕ್ಕರೆ ಕಾಯಿಲೆ ಇರುವವರು, ಮಂಡಿ ನೋವಿನವರು, ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ಭಯ ಇರುವವರು, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರು ಎಲ್ಲರಿಗೂ ಡಾಕ್ಟರು ಇದನ್ನೇ ಹೇಳುತ್ತಿದ್ದಾರೆ. ಹೇಳಿದ ಮೇಲೆ ಎಷ್ಟು ದಿನ, ಎಷ್ಟು ಬಿಡುವು ಅನ್ನುವುದು ಗೊತ್ತಿರಬೇಕು ಅಲ್ವಾ? ಅದನ್ನು ಬುಡದಿಂದ ನೋಡೋಣ.

ಭಾರ ಎತ್ತಿದಾಗ ಒಳಗೆ ಏನಾಗುತ್ತದೆ?

ಗುದ್ದಲಿ ಹಿಡಿದು ತೋಟದಲ್ಲಿ ಕೆಲಸ ಮಾಡುವವರ ಅಂಗೈ ನೋಡಿದ್ದೀರಾ? ಜಡ್ಡುಗಟ್ಟಿರುತ್ತದೆ. ಚರ್ಮಕ್ಕೆ ತಿಕ್ಕಾಟ ಬಿತ್ತು, ಚರ್ಮ ಸ್ವಲ್ಪ ದಪ್ಪಗಾಯಿತು. ಮತ್ತೆ ತಿಕ್ಕಾಟ, ಮತ್ತೆ ಸ್ವಲ್ಪ ದಪ್ಪ. ಆದರೆ ಗುದ್ದಲಿ ಹಿಡಿದೇ ಗೊತ್ತಿಲ್ಲದವರು ಮೊದಲ ದಿನವೇ ಇಡೀ ಪಾತಿ ಅಗೆದರೆ? ಬೊಬ್ಬೆ ಏಳುತ್ತದೆ. ಮರುದಿನ ಅದೇ ಬೊಬ್ಬೆಯ ಮೇಲೆ ಅಗೆದರೆ ಒಡೆದು ಹುಣ್ಣಾಗುತ್ತದೆ, ಜಡ್ಡುಗಟ್ಟುವ ಮಾತೇ ಇಲ್ಲ.

ಮಾಂಸಖಂಡದ ಕತೆಯೂ ಹೆಚ್ಚುಕಮ್ಮಿ ಹೀಗೇ. ಭಾರ ಎತ್ತಿದಾಗ ಮಾಂಸಖಂಡದ ಎಳೆಗಳ ಮೇಲೆ ಜಗ್ಗಾಟ ಬೀಳುತ್ತದೆ. ಆ ಜಗ್ಗಾಟವೇ ದೇಹಕ್ಕೆ ಸುದ್ದಿ: ಈ ಕೆಲಸಕ್ಕೆ ಈಗಿರುವ ಬಲ ಸಾಲದು, ಇನ್ನಷ್ಟು ಕಟ್ಟು. ಕಟ್ಟುವ ಕೆಲಸ ಶುರುವಾಗುವುದು ನೀವು ಡಂಬೆಲ್ ಕೆಳಗಿಟ್ಟ ಮೇಲೆ. ಊಟದಿಂದ ಬಂದ ಪ್ರೋಟೀನ್ ಬಳಸಿ ದೇಹ ಆ ಎಳೆಗಳನ್ನು ದಪ್ಪಗಾಗಿಸುತ್ತದೆ. ಈ ಕೆಲಸ ಸುಮಾರು 24ರಿಂದ 48 ಗಂಟೆ ಜೋರಾಗಿ ನಡೆಯುತ್ತದೆ, ಆಮೇಲೆ ನಿಧಾನಕ್ಕೆ ಮಾಮೂಲಿಗೆ ಇಳಿಯುತ್ತದೆ. ಹೊಸಬರಲ್ಲಿ ಜಾಸ್ತಿ ಹೊತ್ತು, ಹಳಬರಲ್ಲಿ ಕಡಿಮೆ ಹೊತ್ತು.

"ಮಾಂಸಖಂಡ ಹರಿದು, ಮತ್ತೆ ಕೂಡಿಕೊಂಡು ಬೆಳೆಯುತ್ತದೆ" ಅಂತ ಜಿಮ್‌ಗಳಲ್ಲಿ ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುವುದು ಹೌದು. ಬೆಳೆಯಲು ಅದು ಬೇಕೇ ಬೇಕು ಅಂತಿಲ್ಲ. ಜಡ್ಡುಗಟ್ಟಲು ಬೊಬ್ಬೆ ಏಳಬೇಕಿಲ್ಲವಲ್ಲ, ಹಾಗೆ. ಹರಿಯುವುದು ಜಾಸ್ತಿಯಾದರೆ ದೇಹದ ಶಕ್ತಿಯೆಲ್ಲ ರಿಪೇರಿಗೇ ಹೋಗುತ್ತದೆ, ಹೊಸದು ಕಟ್ಟಲು ಉಳಿಯುವುದು ಕಡಿಮೆ.

ಅಕ್ಕನಿಗೆ ಮೆಟ್ಟಿಲು ಇಳಿಯುವಾಗಲೇ ಯಾಕೆ ನೋವು?

ಮೊದಲ ಸಲ ಭಾರ ಎತ್ತಿದವರಿಗೆ ಅವತ್ತೇ ಅಷ್ಟು ನೋವಿರುವುದಿಲ್ಲ. ಮರುದಿನ ಶುರುವಾಗಿ ಎರಡನೇ, ಮೂರನೇ ದಿನಕ್ಕೆ ಏರುತ್ತದೆ. ಕೂರಲು ಆಗುವುದಿಲ್ಲ, ತಲೆ ಬಾಚಲು ಕೈ ಎತ್ತಲು ಆಗುವುದಿಲ್ಲ. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದು ತಪ್ಪು. ವ್ಯಾಯಾಮದಲ್ಲಿ ಹುಟ್ಟುವ ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೇ ರಕ್ತದಿಂದ ಕರಗಿ ಹೋಗುತ್ತದೆ. ಎರಡು ದಿನದ ನಂತರದ ನೋವಿಗೆ ಅದು ಹೊಣೆ ಆಗಲಾರದು. ನೋವು ಬರುವುದು ಎಳೆಗಳು ಸಣ್ಣಗೆ ಹರಿಯುವುದರಿಂದ ಮತ್ತು ಅದರ ಸುತ್ತ ಆಗುವ ಉರಿಯೂತದಿಂದ.

ಭಾರವನ್ನು ಮೇಲೆತ್ತುವಾಗ ಮಾಂಸಖಂಡ ಗಿಡ್ಡಗಾಗುತ್ತದೆ. ಅದೇ ಭಾರವನ್ನು ನಿಧಾನಕ್ಕೆ ಇಳಿಸುವಾಗ ಮಾಂಸಖಂಡ ಉದ್ದವಾಗುತ್ತಾ ಬಿಗಿ ಹಿಡಿಯಬೇಕು. ಎಳೆಗಳು ಜಾಸ್ತಿ ಹರಿಯುವುದು ಈ ಇಳಿಸುವ ಹೊತ್ತಿನಲ್ಲಿ. ಬಸ್ಕಿಯಂಥ ಸ್ಕ್ವಾಟ್‌ನಲ್ಲಿ ಕೂರುವಾಗ ತೊಡೆಯ ಮುಂಭಾಗ ಮಾಡುವ ಕೆಲಸವನ್ನೇ ಮೆಟ್ಟಿಲು ಇಳಿಯುವಾಗಲೂ ಮಾಡುತ್ತದೆ. ಅದಕ್ಕೇ ಹತ್ತುವಾಗ ಇಲ್ಲದ ನೋವು ಇಳಿಯುವಾಗ ಅಕ್ಕನಿಗೆ ಕಂಡಿತು.

ಸಮಾಧಾನದ ವಿಷಯವೂ ಇದೆ. ಅದೇ ವ್ಯಾಯಾಮವನ್ನು ಮುಂದಿನ ವಾರ ಮಾಡಿದರೆ ನೋವು ತುಂಬಾ ಕಡಿಮೆ ಇರುತ್ತದೆ. ದೇಹ ಒಂದೇ ಸಲಕ್ಕೆ ಪಾಠ ಕಲಿಯುತ್ತದೆ. ನೋವಿಲ್ಲ ಅಂದರೆ ವ್ಯಾಯಾಮ ಹತ್ತುತ್ತಿಲ್ಲ ಅಂತ ಅರ್ಥವಲ್ಲ.

ಎರಡು ಗಡಿಯಾರ

ಇಲ್ಲಿಯವರೆಗಿನ ಲೆಕ್ಕ ಮಾಂಸಖಂಡದ್ದು. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವ ಹಗ್ಗದಂಥ ಭಾಗ ಒಂದಿದೆ. ಅದಕ್ಕೆ ಟೆಂಡನ್ ಅನ್ನುತ್ತಾರೆ. ಹಿಮ್ಮಡಿಯ ಮೇಲೆ ಕೈಗೆ ಸಿಗುವ ಗಟ್ಟಿ ಪಟ್ಟಿ ಟೆಂಡನ್. ಇದಕ್ಕೆ ರಕ್ತದ ಓಡಾಟ ಕಡಿಮೆ. ಹಾಗಾಗಿ ಇದು ಗಟ್ಟಿಯಾಗುವುದೂ ನಿಧಾನ, ಪೆಟ್ಟಾದರೆ ವಾಸಿಯಾಗುವುದೂ ನಿಧಾನ.

ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಒಂದು ಮನೆ ಏಳುತ್ತಿರುತ್ತದೆ. ಮೋಲ್ಡ್ ಹಾಕಿದ ಮರುದಿನ ಅದರ ಮೇಲೆ ನಡೆದಾಡಬಹುದು, ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೂ ಮೇಸ್ತ್ರಿ ಕೆಳಗಿನ ಸೆಂಟ್ರಿಂಗ್ ತೆಗೆಯಲು ಬಿಡುವುದಿಲ್ಲ. ಕಟ್ಟೆ ಕಟ್ಟಿ ನೀರು ನಿಲ್ಲಿಸಿ ದಿನಗಟ್ಟಲೆ ಕ್ಯೂರಿಂಗ್ ಮಾಡಿಸುತ್ತಾನೆ. ಕಾಂಕ್ರೀಟಿನ ಬಲ ಅಳೆಯುವುದು 28ನೇ ದಿನಕ್ಕೆ. ಮಾಂಸಖಂಡ ಮರುದಿನ ಗಟ್ಟಿಯಾಗಿ ಕಾಣುವ ಆ ಮೇಲ್ಮೈ. ಟೆಂಡನ್ ಒಳಗಿನ ಕಾಂಕ್ರೀಟು.

ದಿನಾ ಭಾರ ಎತ್ತುವವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಎರಡು ತಿಂಗಳಲ್ಲಿ ಖಂಡ ಬಲವಾಗುತ್ತದೆ, ಪ್ಲೇಟ್ ಏರುತ್ತದೆ, ಉತ್ಸಾಹ ಏರುತ್ತದೆ. ಹಗ್ಗ ಮಾತ್ರ ಇನ್ನೂ ಹಿಂದೆ ಉಳಿದಿರುತ್ತದೆ. ನನಗೇ ಆಗಿದೆ. ಸುಮಾರು ಎಂಟು ವರ್ಷದ ಹಿಂದೆ ವಾರಕ್ಕೆ ಆರು ದಿನ ಎದೆ, ಭುಜ ಅಂತ ಮಾಡಿದೆ. ಖಂಡದಲ್ಲಿ ನೋವೇ ಇರಲಿಲ್ಲ, ಅದಕ್ಕೇ ಎಲ್ಲ ಸರಿಯಿದೆ ಅಂದುಕೊಂಡೆ. ಒಂದು ದಿನ ಅಟ್ಟದ ಮೇಲಿನ ಡಬ್ಬ ತೆಗೆಯಲು ಕೈ ಎತ್ತಿದರೆ ಭುಜ ಚುಚ್ಚಿತು. ಅದು ಸರಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಖಂಡದ ಮೈಕೈ ನೋವು ವಾರದೊಳಗೆ ಇಳಿಯುತ್ತದೆ. ಕೀಲಿನ ಹತ್ತಿರ, ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ನೋವು ವಾರವಾದರೂ ಹೋಗದಿದ್ದರೆ ಅದು ಬೇರೆ ಜಾತಿಯ ನೋವು. ಅದನ್ನು ತಡೆದುಕೊಂಡು ಎತ್ತಬೇಡಿ.

ಹಾಗಾದರೆ ಹಮಾಲರು?

ಅಕ್ಕನ ಮಗ ನನ್ನನ್ನು ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. "ಯಶವಂತಪುರದ ಎಪಿಎಂಸಿ ಯಾರ್ಡಲ್ಲಿ ದಿನಾ ಮೂಟೆ ಹೊರ್ತಾರಲ್ಲ ಅಂಕಲ್, ಅವರಿಗೆ ರೆಸ್ಟ್ ಡೇ ಎಲ್ಲಿದೆ?"

ಅವರು ಹೊರುವ ಭಾರ ನಮಗೆ ದೊಡ್ಡದು. ಆದರೆ ವರ್ಷಗಳಿಂದ ಅದೇ ತೂಕ, ಅದೇ ಭಂಗಿ. ಆ ದೇಹಕ್ಕೆ ಅದು ತನ್ನ ಪೂರ್ತಿ ಬಲದ ಒಂದು ಪಾಲು ಮಾತ್ರ. ದಿನದಿಂದ ದಿನಕ್ಕೆ ಅವರು ಮೂಟೆಯ ತೂಕ ಏರಿಸುತ್ತಾ ಹೋಗುವುದಿಲ್ಲ. ಜಿಮ್‌ನಲ್ಲಿ ಮಾಡುವುದು ಬೇರೆ: ಇನ್ನೊಂದು ಸಲ ಎತ್ತಲು ಆಗುವುದಿಲ್ಲ ಅನ್ನುವ ಮಟ್ಟಕ್ಕೆ ಖಂಡವನ್ನು ದಣಿಸುತ್ತೇವೆ, ಮುಂದಿನ ವಾರ ಅದಕ್ಕಿಂತ ಜಾಸ್ತಿ ಎತ್ತುತ್ತೇವೆ. ಮಿತಿಯ ಹತ್ತಿರ ಹೋಗಿ ಬಂದ ಖಂಡಕ್ಕೇ ಬಿಡುವು ಜಾಸ್ತಿ ಬೇಕು. ಇನ್ನೊಂದು ಮಾತು. ಮೂಟೆ ಹೊರುವವರ ಸೊಂಟ, ಕುತ್ತಿಗೆ, ಮಂಡಿಗಳನ್ನು ಕೇಳಿದರೆ ದಿನಾ ಹೊತ್ತದ್ದರ ಬೆಲೆ ಏನು ಅಂತ ಅವು ಹೇಳುತ್ತವೆ. ಅವರಿಗೆ ಬಿಡುವು ಬೇಡ ಅಂತ ಯಾರೂ ತೀರ್ಮಾನಿಸಿದ್ದಲ್ಲ. ಕೂಲಿ ಬಿಡಲು ಆಗುವುದಿಲ್ಲ, ಅಷ್ಟೇ.

ಹುಡುಗ ಅಲ್ಲಿಗೂ ನಿಲ್ಲಿಸಲಿಲ್ಲ. ಒಲಿಂಪಿಕ್ಸ್ ವೇಟ್‌ಲಿಫ್ಟರ್‌ಗಳು ದಿನಾ ಎತ್ತುತ್ತಾರಲ್ಲ ಅಂದ. ಹೌದು, ಎತ್ತುತ್ತಾರೆ. ಬಲ್ಗೇರಿಯಾದ ಕೋಚ್ ಇವಾನ್ ಅಬಾಜಿಯೆವ್ ತನ್ನ ಲಿಫ್ಟರ್‌ಗಳಿಂದ ದಿನಕ್ಕೆ ಹಲವು ಸಲ ಭಾರಿ ತೂಕ ಎತ್ತಿಸುತ್ತಿದ್ದುದಕ್ಕೇ ಹೆಸರಾದವರು. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ಆಟವೂ ಇದೇ. ಈ ಆಟದ ಎರಡು ಬಗೆಗಳನ್ನು, ಸ್ನ್ಯಾಚ್ ಮತ್ತು ಕ್ಲೀನ್ ಆ್ಯಂಡ್ ಜರ್ಕ್, ಟಿವಿಯಲ್ಲಿ ಗಮನವಿಟ್ಟು ನೋಡಿ. ತಲೆಯ ಮೇಲೆ ಎತ್ತಿ ಹಿಡಿದ ಬಾರನ್ನು ಅವರು ನಿಧಾನಕ್ಕೆ ಇಳಿಸುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತಾರೆ. ಎಳೆಗಳು ಜಾಸ್ತಿ ಹರಿಯುವುದು ಇಳಿಸುವಾಗ ಅಂದೆನಲ್ಲ, ಆ ಪಾಲು ಇಲ್ಲಿ ಕಡಿಮೆ. ಮೇಲಾಗಿ ಅವರಿಗೆ ಅದೇ ಕೆಲಸ. ಊಟ, ನಿದ್ದೆ, ಕೋಚ್, ಫಿಸಿಯೋ ಎಲ್ಲ ಅದಕ್ಕೇ ಹೊಂದಿಸಿರುತ್ತದೆ. ಒಂಬತ್ತು ಗಂಟೆ ಆಫೀಸು ಮಾಡಿ, ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಜಿಮ್‌ಗೆ ಬರುವವರು ಆ ಪಟ್ಟಿಯನ್ನು ಹಾಗೇ ನಕಲು ಮಾಡಬಾರದು.

ವಾರಕ್ಕೆ ಎಷ್ಟು ದಿನ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಹೀಗಿದೆ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಮೈಯ ಎಲ್ಲ ದೊಡ್ಡ ಮಾಂಸಖಂಡಗಳಿಗೂ ಬಲ ಕೊಡುವ ವ್ಯಾಯಾಮ ಮಾಡಬೇಕು. ಇದರ ಜೊತೆಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೊಸಬರಿಗೆ ಹೇಳಿದ್ದು ವಾರಕ್ಕೆ 2ರಿಂದ 3 ದಿನ. ಪಳಗಿದ ಮೇಲೆ ದಿನ ಏರಿಸಬಹುದು.

ಈಗ ಒಂದು ಮುಖ್ಯವಾದ ಮಾತು. ಬಿಡುವು ಬೇಕಿರುವುದು ದಣಿದ ಖಂಡಕ್ಕೆ. ಸೋಮವಾರ ಕಾಲು ದಣಿದಿದ್ದರೆ ಮಂಗಳವಾರ ಬೆನ್ನು ದುಡಿಯಬಹುದು. ಏಳು ದಿನ ಜಿಮ್‌ಗೆ ಹೋಗುವವರು ಸಾಮಾನ್ಯವಾಗಿ ಮಾಡುವುದು ಇದನ್ನೇ: ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ಕಾಲು. ಜಿಮ್ ಭಾಷೆಯಲ್ಲಿ ಇದಕ್ಕೆ ಸ್ಪ್ಲಿಟ್ ಅನ್ನುತ್ತಾರೆ.

ಹಾಗಾದರೆ ಯಾವುದು ಮೇಲು? ಅಮೆರಿಕದ ವ್ಯಾಯಾಮ ವಿಜ್ಞಾನಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. 2016ರಲ್ಲಿ ಅವರಿಗೆ ಕಂಡದ್ದು, ಒಂದು ಖಂಡಕ್ಕೆ ವಾರಕ್ಕೆ ಒಂದು ಸಲ ಕೆಲಸ ಕೊಡುವುದಕ್ಕಿಂತ ಎರಡು ಸಲ ಕೊಟ್ಟರೆ ಬೆಳವಣಿಗೆ ಜಾಸ್ತಿ ಅಂತ. 2019ರಲ್ಲಿ ಇನ್ನೂ ಹೆಚ್ಚು ಅಧ್ಯಯನ ಸೇರಿಸಿ ನೋಡಿದಾಗ, ವಾರದ ಒಟ್ಟು ಕೆಲಸ ಒಂದೇ ಇದ್ದರೆ ದಿನಗಳ ಸಂಖ್ಯೆಯಿಂದ ಅಂಥ ವ್ಯತ್ಯಾಸವಿಲ್ಲ ಅಂತ ತಿಳಿಯಿತು. ಅಂದರೆ ಎದೆಗೆ ವಾರಕ್ಕೆ 12 ಸೆಟ್ (ನಡುವೆ ನಿಲ್ಲಿಸದೆ ಸಾಲಾಗಿ ಎತ್ತುವ ಒಂದು ಕಂತು ಒಂದು ಸೆಟ್) ಅಂತಿಟ್ಟುಕೊಳ್ಳಿ. ಆರಾರು ಸೆಟ್ ಎರಡು ದಿನ ಮಾಡಿ, ನಾಲ್ಕು ನಾಲ್ಕು ಮೂರು ದಿನ ಮಾಡಿ, ಎರಡೆರಡು ಸೆಟ್ ಆರು ದಿನ ಮಾಡಿ. ಫಲ ಹತ್ತಿರ ಹತ್ತಿರ ಒಂದೇ. ಹಾಗಾಗಿ ದಿನಾ ಎತ್ತುವುದೇ ತಪ್ಪು ಅನ್ನಲಾಗದು. ದಿನಾ 12 ಸೆಟ್ ಎತ್ತುವುದು ತೊಂದರೆ.

ಸ್ಪ್ಲಿಟ್‌ನಲ್ಲೂ ಒಂದು ತೊಡಕಿದೆ. ಅಕ್ಕನ ಮಗನ ಪಟ್ಟಿ ನೋಡಿದೆ. ಸೋಮವಾರ ಎದೆ, ಮಂಗಳವಾರ ಭುಜ, ಬುಧವಾರ ತೋಳು. ಹೆಸರು ಮೂರು, ದುಡಿಯುವವರು ಅವರವರೇ. ಬೆಂಚ್ ಪ್ರೆಸ್ (ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಮಾಡುವಾಗ ಎದೆಯ ಜೊತೆ ಭುಜದ ಮುಂಭಾಗ ಮತ್ತು ತೋಳಿನ ಹಿಂಭಾಗ ಎರಡೂ ದುಡಿಯುತ್ತವೆ. ಭುಜದ ದಿನ ಮತ್ತೆ ಅವೇ. ತೋಳಿನ ದಿನ ಮತ್ತೆ ಅದೇ ತೋಳು. ಅವನ ತೋಳಿಗೆ ಮೂರು ದಿನದಲ್ಲಿ ಒಂದು ದಿನವೂ ಸರಿಯಾದ ಬಿಡುವಿಲ್ಲ. ಸ್ಕ್ವಾಟ್ ದಿನ ಮತ್ತು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ದಿನ ಅಕ್ಕಪಕ್ಕ ಬಂದರೆ ಸೊಂಟಕ್ಕೂ ಇದೇ ಗತಿ. ಎದೆಯ ಮರುದಿನ ಕಾಲು, ಕಾಲಿನ ಮರುದಿನ ಬೆನ್ನು ಅಂತ ಜಾಗ ಬದಲಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ ಲೆಕ್ಕ ಸ್ವಲ್ಪ ಬೇರೆ

ವ್ಯಾಯಾಮ ಮಾಡಿದ ಮೇಲೆ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಚೆನ್ನಾಗಿ ನಾಟುತ್ತದೆ. ಈ ಲಾಭ ಒಂದರಿಂದ ಮೂರು ದಿನದೊಳಗೆ ಇಳಿದುಹೋಗುತ್ತದೆ. ಅದಕ್ಕೇ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಎರಡು ಮಾತು ಒಟ್ಟಿಗೆ ಹೇಳುತ್ತದೆ. ಭಾರ ಎತ್ತುವುದು ವಾರಕ್ಕೆ 2ರಿಂದ 3 ಸಲ, ಮಧ್ಯೆ ಬಿಡುವು ಕೊಟ್ಟು. ಆದರೆ ಯಾವ ವ್ಯಾಯಾಮವೂ ಇಲ್ಲದೆ ಸತತ ಎರಡು ದಿನಕ್ಕಿಂತ ಜಾಸ್ತಿ ಕಳೆಯಬಾರದು.

ಅಕ್ಕನಿಗೆ ನಾನು ಹೇಳಿದ್ದು ಇದನ್ನೇ. "ನೀವು ವಾಕಿಂಗ್ ದಿನಾ ಮಾಡಿ ಅಕ್ಕ, ಅದನ್ನ ಬಿಡ್ಬೇಡಿ. ವೇಟ್ಸ್ ಮಾತ್ರ ಮಧ್ಯೆ ಒಂದೆರಡು ದಿನ ಬಿಟ್ಟು ಮಾಡಿ." ನಡಿಗೆಯಲ್ಲಿ ಖಂಡ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಅದಕ್ಕೇ ಅದು ದಿನಾ ಆಗುತ್ತದೆ. ರಜೆಯ ದಿನ ಅಂದರೆ ಸುಮ್ನೆ ಮಲಗಿರುವ ದಿನವಲ್ಲ. ಮೆಲ್ಲಗೆ ನಡೆದರೆ ರಕ್ತ ಚೆನ್ನಾಗಿ ಓಡಾಡಿ ಮೈಕೈ ಹಿಡಿತವೂ ಸಡಿಲವಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತಗೊಳ್ಳುವವರು ಹೊಸ ವ್ಯಾಯಾಮ ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ, ಸಕ್ಕರೆ ಏಕಾಏಕಿ ಇಳಿಯಬಹುದು.

ಬಿಡುವಿನ ದಿನ ಕೆಲಸ ಆಗುವುದು ನಿದ್ದೆ, ಊಟದಿಂದ

ಈ ಊರಿನಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ನಿದ್ದೆಯದ್ದು. ರಾತ್ರಿ ಪಾಳಿ ಮುಗಿಸಿ ನೇರ ಜಿಮ್‌ಗೆ ಬರುವವರಿದ್ದಾರೆ. ಒಂದು ಗಂಟೆಗೆ ಮಲಗಿ, ಟ್ರಾಫಿಕ್ ಶುರುವಾಗುವ ಮೊದಲು ಮುಗಿಸೋಣ ಅಂತ ಐದೂವರೆಗೆ ಏಳುವವರಿದ್ದಾರೆ. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಒಸರುವುದು ಗಾಢ ನಿದ್ದೆಯಲ್ಲಿ. 2021ರ ಒಂದು ಆಸ್ಟ್ರೇಲಿಯಾದ ಅಧ್ಯಯನದಲ್ಲಿ 13 ಯುವಜನರನ್ನು ಒಂದು ರಾತ್ರಿ ಪೂರ್ತಿ ನಿದ್ದೆಗೆಡಿಸಿ ನೋಡಿದರು. ಮಾಂಸಖಂಡ ಪ್ರೋಟೀನ್ ಕಟ್ಟುವ ವೇಗ 18 ಶೇಕಡಾ ಇಳಿದಿತ್ತು. ಚಿಕ್ಕ ಅಧ್ಯಯನ ಅದು, ಆದರೆ ಸೂಚನೆ ಸ್ಪಷ್ಟ. ವಯಸ್ಕರಿಗೆ 7 ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. ನಾಲ್ಕೂವರೆ ಗಂಟೆ ಮಲಗಿದ ದಿನ ಅಲಾರಂ ಆರಿಸಿ ಮತ್ತೆ ಮಲಗಿದರೆ ಅದೂ ತರಬೇತಿಯ ಭಾಗವೇ ಅಂತ ನಾನು ನಂಬುತ್ತೇನೆ.

ಊಟದ ಲೆಕ್ಕ ಸರಳ. ದೇಶದ ಪೋಷಣಾ ಸಂಶೋಧನಾ ಸಂಸ್ಥೆ ಐಸಿಎಂಆರ್-ಎನ್‌ಐಎನ್ ಹೇಳುವ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಖಂಡ ಬೆಳೆಸುವವರಿಗೆ ಸುಮಾರು 1.6 ಗ್ರಾಂವರೆಗೂ ಲಾಭ ಕಂಡಿದೆ. 60 ಕಿಲೋ ತೂಗುವವರಿಗೆ 50 ಗ್ರಾಂನಿಂದ 96 ಗ್ರಾಂ ಅಂತಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಒಣ ಹುರುಳಿಕಾಳು 100 ಗ್ರಾಂನಲ್ಲಿ ಸುಮಾರು 22, ಕಡಲೇಕಾಯಿ ಬೀಜದಲ್ಲಿ ಸುಮಾರು 25, ರಾಗಿಯಲ್ಲಿ ಸುಮಾರು 7. ಮುದ್ದೆ ಜೊತೆ ತಿಳಿಸಾರು ಮಾತ್ರ ಇದ್ದರೆ ಸಾಲುವುದಿಲ್ಲ. ಅದೇ ಮುದ್ದೆಗೆ ಹುರುಳಿ ಬಸ್ಸಾರು, ಕಾಳಿನ ಪಲ್ಯ, ಒಂದು ಬಟ್ಟಲು ಮೊಸರು ಸೇರಿದರೆ ಬೇರೆಯೇ ಮಾತು. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಒಂದು ದಿನ ಬಿಟ್ಟರೆ ಎಲ್ಲ ಹೋಗುತ್ತದಾ?

ಇಲ್ಲ. ಎರಡು ಮೂರು ವಾರ ಪೂರ್ತಿ ಬಿಟ್ಟರೂ ಬಲ ಹೆಚ್ಚೇನೂ ಇಳಿಯುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಇದ್ದು ಬನ್ನಿ, ಏನೂ ಆಗದು. ತಿಂಗಳುಗಟ್ಟಲೆ ಬಿಟ್ಟವರು ಮಾತ್ರ ಬಂದ ಮೊದಲ ದಿನವೇ ಹಳೇ ತೂಕಕ್ಕೆ ಕೈ ಹಾಕಬಾರದು.

ಈ ಮಾತಿಗೆ ಗಂಭೀರ ಕಾರಣವಿದೆ. ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ಮಿತಿಮೀರಿ ದಣಿಸಿದರೆ, ಅಪರೂಪಕ್ಕೆ, ಮಾಂಸಖಂಡದ ಕೋಶಗಳು ಒಡೆದು ಒಳಗಿನ ವಸ್ತುಗಳು ರಕ್ತಕ್ಕೆ ಸೇರುತ್ತವೆ. ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಇದಕ್ಕೆ ರ‍್ಯಾಬ್ಡೋಮಯೊಲಿಸಿಸ್ ಅಂತ ಹೆಸರು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕೈಕಾಲು ಊದಿಕೊಂಡು ತಡೆಯಲಾಗದ ನೋವಿದ್ದರೆ, ರೆಸ್ಟ್ ತಗೊಂಡರೆ ಹೋದೀತು ಅಂತ ಕಾಯಬೇಡಿ. ಅದೇ ಗಂಟೆ ಆಸ್ಪತ್ರೆಗೆ ಹೋಗಿ.

ಬಿಡುವು ಸಾಕಾಯಿತಾ ಅಂತ ತಿಳಿಯುವುದು ಹೇಗೆ?

ತಿಂಗಳುಗಟ್ಟಲೆ ಮಿತಿಮೀರಿ ಪೂರ್ತಿ ಬಳಲಿಹೋಗುವುದು ಹೆಚ್ಚಾಗಿ ಕ್ರೀಡಾಪಟುಗಳಲ್ಲಿ ಕಾಣುವ ತೊಂದರೆ. ನಮ್ಮಂಥವರಲ್ಲಿ ಕಾಣುವುದು ಅದರ ಚಿಕ್ಕ ರೂಪ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿ ಕೆಲವು ದಿನದಿಂದ ಮಾಮೂಲಿಗಿಂತ ಜಾಸ್ತಿ ಇರುತ್ತದೆ. ದಣಿದಿದ್ದರೂ ನಿದ್ದೆ ಬರುವುದಿಲ್ಲ. ಸಣ್ಣದಕ್ಕೂ ಸಿಡುಕು, ಮೇಲಿಂದ ಮೇಲೆ ನೆಗಡಿ. ಎಲ್ಲಕ್ಕಿಂತ ನಂಬಬಹುದಾದ ಗುರುತು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ. ಪ್ರತಿ ಸಲ ಎಷ್ಟು ತೂಕ, ಎಷ್ಟು ಸಲ ಎತ್ತಿದಿರಿ ಅಂತ ಬರೆದಿಡಿ. ಒಂದು ದಿನ ಕಡಿಮೆಯಾದರೆ ಬಿಡಿ, ಎಲ್ಲರಿಗೂ ಕೆಟ್ಟ ದಿನ ಇರುತ್ತದೆ. ಅದೇ ವ್ಯಾಯಾಮದಲ್ಲಿ ಸತತ ಎರಡು ಮೂರು ಸಲ ಲೆಕ್ಕ ಇಳಿದರೆ ಇನ್ನೊಂದು ದಿನ ಬಿಡುವು ಸೇರಿಸಿ.

ಅಕ್ಕ ಈಗ ಸೋಮವಾರ ಮತ್ತು ಗುರುವಾರ ಜಿಮ್‌ಗೆ ಹೋಗುತ್ತಾರೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲೇ ಇದನ್ನೂ ಬರೆಯುತ್ತಾರೆ. ಮೊದಲ ವಾರ ಎರಡೆರಡು ಕಿಲೋ ಡಂಬೆಲ್, ಹತ್ತು ಸಲ. ಆರನೇ ವಾರ ನಾಲ್ಕು ಕಿಲೋ, ಹತ್ತು ಸಲ. ಮಗ ಭುಜದ ದಿನವನ್ನು ಶುಕ್ರವಾರಕ್ಕೆ ತಳ್ಳಿ, ಭಾನುವಾರ ಅಮ್ಮನ ಜೊತೆ ಪಾರ್ಕಿಗೆ ಬರುತ್ತಿದ್ದಾನೆ.